‘ಪಿಕಪ್ ಕಿಟ್’ ಹಾಕಿಸಿದ ಸ್ಕೂಟರ್‌ನ ಕ್ರ್ಯಾಂಕ್ ಹೋಗಿದ್ದು ಹೇಗೆ?

ಕೆಂಗೇರಿ ಕಡೆಯಿಂದ ಪೀಣ್ಯಕ್ಕೆ ದಿನಾ ಓಡಾಡುವ 110 ಸಿಸಿ ಸ್ಕೂಟರ್ ಅದು. ಒಬ್ಬರೇ ಹೋದರೆ ಪರವಾಗಿಲ್ಲ, ಹಿಂದೆ ಇನ್ನೊಬ್ಬರು ಕೂತರೆ ಫ್ಲೈಓವರ್ ಏರಲು ಹೆಣಗಾಡುತ್ತಿತ್ತು. ಗ್ಯಾರೇಜಿನವರು ‘ಪಿಕಪ್ ಕಿಟ್ ಹಾಕ್ಬಿಡೋಣ ಸಾರ್, ಗಾಡಿ ಎಗರತ್ತೆ’ ಅಂದರು. ಮಧ್ಯಾಹ್ನ ಬಿಟ್ಟ ಗಾಡಿ ಸಂಜೆ ರೆಡಿ. ಹಗುರವಾದ ಆರು ರೋಲರ್, ಹಿಂದಿನ ಪುಲ್ಲಿಗೆ ಗಟ್ಟಿ ಸ್ಪ್ರಿಂಗ್, ಕ್ಲಚ್‌ಗೆ ಮೂರು ಗಟ್ಟಿ ಸ್ಪ್ರಿಂಗ್, ವೇರಿಯೇಟರ್‌ನ (ಎಂಜಿನ್ ಕಡೆಯ ಪುಲ್ಲಿಯ) ಬುಷ್, ಅಂದರೆ ನಡುವಿನ ಕೊಳವೆಯ ಮೇಲೆ ಒಂದು ವಾಷರ್, ಎಲ್ಲವನ್ನೂ ಒಂದೇ ಏಟಿಗೆ ಹಾಕಿದ್ದರು.

ಮೊದಮೊದಲು ಗಾಡಿ ನಿಜಕ್ಕೂ ಎಗರಿತು. ಆಮೇಲೆ ಮೈಲೇಜ್ ಇಳಿಯಿತು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಸುಟ್ಟ ವಾಸನೆ ಬರತೊಡಗಿತು. ಎಡಗಡೆ ಕವರ್ ಒಳಗಿಂದ ಟಕಟಕ ಶಬ್ದ ಶುರುವಾಯಿತು. ‘ಹೊಸ ಸ್ಪ್ರಿಂಗ್ ಅಲ್ವಾ, ಸೆಟ್ ಆಗತ್ತೆ’ ಎಂಬ ಉತ್ತರ ಸಿಕ್ಕಿತು. ಕೊನೆಗೆ ಒಂದು ದಿನ ಸುಮನಹಳ್ಳಿ ಫ್ಲೈಓವರ್ ಮೇಲೆ ಎಂಜಿನ್ ಬರೀ ಕೂಗಿತು, ಗಾಡಿ ಮುಂದೆ ಹೋಗಲಿಲ್ಲ. ಬಿಚ್ಚಿ ನೋಡಿದರೆ ಬೆಲ್ಟ್ ಹರಿದಿರಲಿಲ್ಲ, ಕ್ರ್ಯಾಂಕ್‌ಶಾಫ್ಟ್ (ಎಂಜಿನ್‌ನ ಮುಖ್ಯ ದಂಡ) ತುದಿಯ ಸ್ಪ್ಲೈನ್, ಅಂದರೆ ಪುಲ್ಲಿ ಕಚ್ಚಿ ಕೂರುವ ಹಲ್ಲುಗಳೇ ನುಣ್ಣಗೆ ಸವೆದುಹೋಗಿದ್ದವು. ಕ್ರ್ಯಾಂಕ್ ಬದಲಿಸಬೇಕೆಂದರೆ ಎಂಜಿನ್ ಇಳಿಸಿ ಕ್ರ್ಯಾಂಕ್‌ಕೇಸ್ ಎರಡು ಹೋಳು ಮಾಡಬೇಕು. ಕಿಟ್‌ಗೆ ಕೊಟ್ಟ ದುಡ್ಡಿನ ಹಲವು ಪಟ್ಟು ಖರ್ಚು.

ಕಿಟ್ ಕೆಟ್ಟದ್ದು ಅಂತಲೇ ಹೇಳಲಾಗದು. ಕೆಲಸ ಕೆಟ್ಟದ್ದಾಗಿತ್ತು. ಮತ್ತೆ, ಆ ಗಾಡಿಗೆ ಕಿಟ್ ಬೇಕೇ ಇರಲಿಲ್ಲ.

ಗೇರ್ ಇಲ್ಲದ ಗಾಡಿಯಲ್ಲಿ ಗೇರ್ ಬದಲಿಸುವ ಕೆಲಸ ಬೆಲ್ಟ್‌ನದು. ಎಂಜಿನ್ ಕಡೆ ಒಂದು ಪುಲ್ಲಿ, ಚಕ್ರದ ಕಡೆ ಇನ್ನೊಂದು. ಎರಡರ ಸಂದೂ ಹಿಗ್ಗಿ ಕುಗ್ಗುತ್ತದೆ. ಎಂಜಿನ್ ವೇಗ ಏರಿದಂತೆ ಮುಂದಿನ ಪುಲ್ಲಿಯೊಳಗಿನ ಆರು ರೋಲರ್ ಹೊರಕ್ಕೆ ಸರಿದು ಪುಲ್ಲಿಯ ಒಂದು ಮುಖವನ್ನು ಇನ್ನೊಂದರ ಕಡೆಗೆ ತಳ್ಳುತ್ತವೆ, ಬೆಲ್ಟ್ ಮೇಲೇರುತ್ತದೆ. ಹಿಂದಿನ ಪುಲ್ಲಿಯ ದೊಡ್ಡ ಸ್ಪ್ರಿಂಗ್ ಅದಕ್ಕೆ ಎದುರಾಗಿ ಒತ್ತುತ್ತಿರುತ್ತದೆ. ಇವೆರಡರ ಹಗ್ಗಜಗ್ಗಾಟದಲ್ಲೇ ಗಾಡಿ ಯಾವ ‘ಗೇರ್’ನಲ್ಲಿದೆ ಎಂಬುದು ತೀರ್ಮಾನವಾಗುವುದು. ಕೈನೆಟಿಕ್ ಹೋಂಡಾ ಕಾಲದಿಂದ ಇಂದಿನ ಬಿಎಸ್ 6 ಗಾಡಿಗಳವರೆಗೆ ಈ ಮೂಲ ಲೆಕ್ಕ ಬದಲಾಗಿಲ್ಲ.

ಈಗ ಸ್ಪ್ಲೈನ್ ಏಕೆ ಹೋಯಿತು ನೋಡಿ. ಮುಂದಿನ ಪುಲ್ಲಿಯ ಹೊರಮುಖ, ಅಂದರೆ ಫ್ಯಾನ್ ರೆಕ್ಕೆಗಳಿರುವ ಭಾಗ, ಕ್ರ್ಯಾಂಕ್‌ನ ಸ್ಪ್ಲೈನ್ ಮೇಲೆ ಕೂರುತ್ತದೆ. ಅದು ಒಳಗಿನ ಬುಷ್‌ಗೆ ಆನಿಕೊಂಡು, ಹೊರಗಿನ ನಟ್ ಅದನ್ನು ಬಿಗಿಯಾಗಿ ಒತ್ತಿ ಹಿಡಿದಿರಬೇಕು. ಆ ಹಿಡಿತ ಇದ್ದರೆ ಮಾತ್ರ ಸ್ಪ್ಲೈನ್ ಬದುಕುತ್ತದೆ. ಬೆಲ್ಟ್ ಹಾಕಿ ನಟ್ ಬಿಗಿ ಮಾಡುವಾಗ ಬೆಲ್ಟ್ ಎರಡು ಮುಖಗಳ ನಡುವೆ ಸಿಕ್ಕಿಕೊಂಡಿದ್ದರೆ ಹೊರಮುಖ ಬುಷ್‌ಗೆ ತಾಗುವುದೇ ಇಲ್ಲ. ಆದರೂ ನಟ್ ಬಿಗಿಯಾದಂತೆಯೇ ತೋರುತ್ತದೆ, ಏಕೆಂದರೆ ಅದು ಒತ್ತುತ್ತಿರುವುದು ರಬ್ಬರನ್ನು. ನಟ್ ಬಿಗಿಯುವ ಗನ್ ಹಾಕಿ ಟರ್ರ್ ಅನ್ನಿಸುವ ಮೆಕ್ಯಾನಿಕ್‌ಗೆ ಇದು ಕೈಗೆ ಗೊತ್ತಾಗುವುದಿಲ್ಲ. ಗಾಡಿ ಸ್ಟಾರ್ಟ್ ಆಗಿ ಬೆಲ್ಟ್ ತನ್ನ ಜಾಗಕ್ಕೆ ಹೋದ ಕೂಡಲೇ ಹೊರಮುಖ ಸಡಿಲ. ಆಮೇಲೆ ಆಕ್ಸಿಲರೇಟರ್ ಕೊಟ್ಟು ಬಿಟ್ಟಾಗಲೆಲ್ಲ ಅದು ಸ್ಪ್ಲೈನ್ ಮೇಲೆ ಹಿಂದೆ ಮುಂದೆ ಹೊಡೆಯುತ್ತಲೇ ಇರುತ್ತದೆ. ಈ ಗಾಡಿಯಲ್ಲಿ ನಟ್ ಸುತ್ತ ಕಾಫಿಪುಡಿಯಂಥ ಕಂದು ಧೂಳು ಕೂತಿತ್ತು. ಲೋಹ ಲೋಹವನ್ನು ಉಜ್ಜಿ ತಿಂದದ್ದಕ್ಕೆ ಅದೇ ಗುರುತು. ಕವರ್ ತೆಗೆದಾಗ ಈ ಧೂಳು ಕಂಡರೆ ಗಾಡಿ ಮತ್ತೆ ಸ್ಟಾರ್ಟ್ ಮಾಡಬೇಡಿ.

ವಾಷರ್ ಇದಕ್ಕೆ ಉಪ್ಪು ಖಾರ ಸೇರಿಸಿತು. ಬುಷ್ ಮೇಲೆ ವಾಷರ್ ಇಟ್ಟರೆ ಪುಲ್ಲಿಯ ಸಂದು ಅಗಲವಾಗಿ, ಬೆಲ್ಟ್ ಇನ್ನಷ್ಟು ಆಳಕ್ಕೆ ಕೂತು, ನಿಂತಲ್ಲಿಂದ ಹೊರಡುವಾಗ ಎಳೆತ ಹೆಚ್ಚುತ್ತದೆ ಎಂಬ ಲೆಕ್ಕ. ಲೆಕ್ಕ ಸರಿಯೇ. ಆದರೆ ವಾಷರ್ ಎಷ್ಟು ದಪ್ಪವೋ ಅಷ್ಟು ಹೊರಮುಖ ಆಚೆ ಸರಿಯುತ್ತದೆ. ಸ್ಪ್ಲೈನ್ ಹಲ್ಲಿಗೆ ಸಿಗುವ ಹಿಡಿತ ಕಡಿಮೆ, ನಟ್‌ಗೆ ಸಿಗುವ ಥ್ರೆಡ್ ಕಡಿಮೆ. ಕವರ್‌ನಲ್ಲಿರುವ ಕಿಕ್ಕರ್ ಹಲ್ಲು ಪುಲ್ಲಿಗೆ ತಾಗುವಷ್ಟು ಹತ್ತಿರ ಬಂತು. ಆ ಟಕಟಕ ಶಬ್ದ ಅದೇ. 110 ಸಿಸಿ ದಿನಬಳಕೆ ಗಾಡಿಗೆ ಈ ವಾಷರ್ ಬೇಡವೇ ಬೇಡ.

ರೋಲರ್ ವಿಷಯಕ್ಕೆ ಬಂದರೆ, ಹಗುರವಾದಷ್ಟೂ ಒಳ್ಳೇದು ಎಂಬ ನಂಬಿಕೆಯಿಂದಲೇ ಹೆಚ್ಚು ಗಾಡಿಗಳು ಹಾಳಾಗುತ್ತಿವೆ. ರೋಲರ್ ತಳ್ಳುವ ಬಲ ಅದರ ತೂಕಕ್ಕೆ ತಕ್ಕಂತೆ, ಎಂಜಿನ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಂಪನಿ ರೋಲರ್‌ನಲ್ಲಿ 5000 ಆರ್‌ಪಿಎಂಗೆ ಸಿಗುತ್ತಿದ್ದ ತಳ್ಳು, ತೂಕ ನೂರಕ್ಕೆ 10 ಇಳಿಸಿದರೆ 5270ಕ್ಕೆ ಸಿಗುತ್ತದೆ. 20 ಇಳಿಸಿದರೆ 5590. 40 ಇಳಿಸಿದರೆ ಹತ್ತಿರಹತ್ತಿರ 6450. ಈ ಗಾಡಿಗೆ ಹಾಕಿದ್ದು ನೂರಕ್ಕೆ 40 ಹಗುರವಾದವು. ರಿಂಗ್ ರೋಡ್‌ನಲ್ಲಿ 50ರಲ್ಲಿ ಹೋಗುವಾಗಲೂ ಎಂಜಿನ್ ಅರಚುತ್ತಿದ್ದರೆ ಪೆಟ್ರೋಲ್ ಎಲ್ಲಿ ಉಳಿಯುತ್ತದೆ? ಮೇಲಿಂದ ಗಟ್ಟಿ ಸ್ಪ್ರಿಂಗ್ ಬೇರೆ ಎದುರು ಒತ್ತುತ್ತಿದ್ದರಿಂದ ಬೆಲ್ಟ್ ಪುಲ್ಲಿಯ ಅಂಚಿಗೆ ಏರಲೇ ಇಲ್ಲ, ಟಾಪ್ ಸ್ಪೀಡ್ ಸಹ ಹೋಯಿತು. ಇಂಜೆಕ್ಷನ್ ಗಾಡಿಗಳಲ್ಲಿ ಎಂಜಿನ್ ವೇಗಕ್ಕೆ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಮಿತಿ ಹಾಕಿರುತ್ತದೆ. ಅದಕ್ಕೆ ತಲೆ ತಾಗಿಸಿಕೊಂಡು ಗಾಡಿ ಮುಗ್ಗರಿಸುವುದೂ ಉಂಟು.

ಕ್ಲಚ್ ಸ್ಪ್ರಿಂಗ್ ಗಟ್ಟಿಯಾದರೆ ಕ್ಲಚ್ ತಡವಾಗಿ, ಹೆಚ್ಚು ಆರ್‌ಪಿಎಂನಲ್ಲಿ ಹಿಡಿಯುತ್ತದೆ. ಖಾಲಿ ರಸ್ತೆಯಲ್ಲಿ ಸಿಗ್ನಲ್ ಬಿಟ್ಟಾಗ ಜಿಗಿತ ಚೆನ್ನ. ಸಿಲ್ಕ್ ಬೋರ್ಡ್‌ನಂಥ ಕಡೆ ನಡಿಗೆ ವೇಗದಲ್ಲಿ ತೆವಳುವಾಗ ಕ್ಲಚ್ ಅರೆಬರೆ ಹಿಡಿದು ಉಜ್ಜುತ್ತಲೇ ಇರುತ್ತದೆ. ಕ್ಲಚ್ ಶೂ ಮೇಲ್ಮೈ ಗಾಜಿನಂತೆ ಹೊಳಪು ಬಂದು, ಬೆಲ್ (ಶೂ ಒಳಗಿನಿಂದ ಹಿಡಿಯುವ ಬಟ್ಟಲು) ನೀಲಿ ಬಣ್ಣಕ್ಕೆ ತಿರುಗಿದೆ ಎಂದರೆ ಕತೆ ಮುಗಿದಿದೆ. ಸುಟ್ಟ ವಾಸನೆ ಬಂದದ್ದು ಇಲ್ಲಿಂದಲೇ. ಯಾರೂ ಹೇಳದ ಇನ್ನೊಂದು ಅಪಾಯವೂ ಇದೆ. ತಡವಾಗಿ ಹಿಡಿಯುವ ಕ್ಲಚ್ ಬೇಗ ಬಿಡುತ್ತದೆ ಕೂಡ. ನಂದಿ ಬೆಟ್ಟ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ವೇಗ ಸ್ವಲ್ಪ ಇಳಿದ ಕೂಡಲೇ ಎಂಜಿನ್ ಹಿಡಿತ ತಪ್ಪಿ, ಗಾಡಿ ನ್ಯೂಟ್ರಲ್‌ನಲ್ಲಿ ಇದ್ದಂತೆ ಓಡುತ್ತದೆ. ಪೂರ್ತಿ ಭಾರ ಡ್ರಮ್ ಬ್ರೇಕ್ ಮೇಲೆ. ಬ್ರೇಕ್ ಕಾದರೆ ಆಮೇಲೆ ದೇವರೇ ಗತಿ.

ಹಾಗಾದರೆ ಮೊದಲು ಗಾಡಿ ಹೆಣಗಾಡುತ್ತಿದ್ದದ್ದು ಏಕೆ? ಗ್ಯಾರೇಜಿನವರು ಹಳೇ ರೋಲರ್‌ಗಳನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ವಾಪಸ್ ಕೊಟ್ಟಿದ್ದರು, ಪುಣ್ಯ. ಟೇಬಲ್ ಮೇಲೆ ಉರುಳಿಸಿದರೆ ಒಂದೊಂದೂ ಟಪ್ ಎಂದು ನಿಲ್ಲುತ್ತಿತ್ತು. ಆರೂ ಒಂದು ಪಕ್ಕ ಚಪ್ಪಟೆ. ಬೆಲ್ಟ್ ಅಗಲವೂ ಸವೆದಿತ್ತು. ಹಿಂದಿನ ಪುಲ್ಲಿಯ ಪಿನ್‌ಗಳಲ್ಲಿ ಗ್ರೀಸ್ ಒಣಗಿ ಪುಲ್ಲಿ ಬಿಗಿದುಕೊಂಡಿತ್ತು. ಏರು ಬಂದಾಗ ಬೆಲ್ಟ್ ಕೆಳಗಿನ ‘ಗೇರ್’ಗೆ ಇಳಿಯಬೇಕಾದರೆ ಆ ಪುಲ್ಲಿ ಸಲೀಸಾಗಿ ಸರಿಯಬೇಕು, ಸರಿಯುತ್ತಿರಲಿಲ್ಲ. ಕಂಪನಿ ತೂಕದ್ದೇ ಹೊಸ ರೋಲರ್, ಹೊಸ ಬೆಲ್ಟ್, ಪಿನ್‌ಗೆ ಶಾಖ ತಡೆಯುವ ಗ್ರೀಸ್ ಹಾಕಿದ್ದರೆ ಹೋದ ಪಿಕಪ್ ಮರಳಿ ಬರುತ್ತಿತ್ತು.

ಜೊತೆಗೆ ಊರಿನ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಗಾಳಿ ಅಷ್ಟು ತೆಳು. ಮಂಗಳೂರಲ್ಲಿ ಓಡುವ ಅದೇ ಗಾಡಿಗಿಂತ ಇಲ್ಲಿ ನೂರಕ್ಕೆ 8–10ರಷ್ಟು ಶಕ್ತಿ ಕಡಿಮೆಯೇ. ಇದನ್ನು ಯಾವ ಸ್ಪ್ರಿಂಗೂ ವಾಪಸ್ ಕೊಡುವುದಿಲ್ಲ. ಏರ್ ಫಿಲ್ಟರ್ ಕಟ್ಟಿರುವುದು, ಹಿಂದಿನ ಬ್ರೇಕ್ ಉಜ್ಜುತ್ತಿರುವುದು, ಟೈರ್‌ನಲ್ಲಿ ಗಾಳಿ ಕಮ್ಮಿ ಇರುವುದು, ಇವನ್ನೂ ಮೊದಲೇ ನೋಡಿಬಿಡಿ.

ಇಷ್ಟಾದ ಮೇಲೂ ಸ್ವಲ್ಪ ಪಿಕಪ್ ಬೇಕೇ ಬೇಕು ಎನ್ನುವವರು ರೋಲರ್ ಒಂದನ್ನು ಮಾತ್ರ ಮುಟ್ಟಿ. ಆರೂ ಸೇರಿದ ಒಟ್ಟು ತೂಕದಲ್ಲಿ ನೂರಕ್ಕೆ 10, ಹೆಚ್ಚೆಂದರೆ 15 ಇಳಿಸಿ. ಬೇಕಾದ ತೂಕ ಸಿಗದಿದ್ದರೆ ಮೂರು ಹಳೇ ತೂಕದವು, ಮೂರು ಹಗುರವಾದವು, ಒಂದು ಬಿಟ್ಟು ಒಂದರಂತೆ ಇಟ್ಟರೆ ಸಮತೋಲ ಕೆಡುವುದಿಲ್ಲ. ಜೆ.ಸಿ. ರಸ್ತೆಯಲ್ಲಿ ಎಲ್ಲ ಥರದ ಮಾಲೂ ಸಿಗುತ್ತದೆ, ನಕಲಿ ಸಹ. ಪ್ಯಾಕೆಟ್ ಮೇಲೆ ಬರೆದ ಗ್ರಾಂ ನಂಬದೆ 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ. ತೂಕವೊಂದೇ ಅಲ್ಲ, ವ್ಯಾಸ ಮತ್ತು ಅಗಲವೂ ನಿಮ್ಮ ಮಾಡೆಲ್‌ನದ್ದೇ ಆಗಿರಬೇಕು. ಬೆಲ್ಟ್ ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಹೊಸದಕ್ಕಿಂತ ಸುಮಾರು 1 ಮಿ.ಮೀ. ಕಡಿಮೆಯಾಗಿದ್ದರೆ ಬದಲಿಸುವ ಕಾಲ ಬಂತು. ನಿಖರ ಮಿತಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ.

ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತಿರಿ. ಟೀ ಕುಡ್ಕೊಂಡ್ ಬನ್ನಿ ಸಾರ್ ಅಂದರೂ ಹೋಗಬೇಡಿ. ಕವರ್ ಬೋಲ್ಟ್‌ಗಳ ಉದ್ದ ಬೇರೆಬೇರೆ ಇರುತ್ತದೆ, ರಟ್ಟಿನ ಮೇಲೆ ತೂತು ಮಾಡಿ ಆಯಾ ಜಾಗದಲ್ಲೇ ಸಿಕ್ಕಿಸಿಡಿ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಹೋಗುತ್ತದೆ. ಪುಲ್ಲಿ ತಿರುಗದಂತೆ ಹಿಡಿಯಲು ಫ್ಯಾನ್ ರೆಕ್ಕೆಗೆ ಸ್ಕ್ರೂಡ್ರೈವರ್ ಒತ್ತು ಕೊಟ್ಟರೆ ಅಲ್ಲೇ ತಡೆಯಿರಿ. ರೆಕ್ಕೆ ಮುರಿದರೆ ಬೆಲ್ಟ್‌ಗೆ ಗಾಳಿಯೂ ಇಲ್ಲ, ಪುಲ್ಲಿಗೆ ಸಮತೋಲವೂ ಇಲ್ಲ. ಹಿಡಿಯಲೆಂದೇ ಹೋಲ್ಡರ್ ಸಿಗುತ್ತದೆ. ಒಳಗಿನ ಧೂಳನ್ನು ಹವಾ ಹೊಡೆದು ಹಾರಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ರೋಲರ್ ಓಡುವ ಜಾಗಕ್ಕೆ ಗ್ರೀಸ್ ಬಳಿಯುವ ಅಭ್ಯಾಸ ಕೆಲವರಿಗಿದೆ. ಅದು ಕಾದು ಬೆಲ್ಟ್ ಮೇಲೆ ಸಿಡಿದು ಬೆಲ್ಟ್ ಜಾರುತ್ತದೆ, ಆದ್ದರಿಂದ ಮ್ಯಾನ್ಯುಯಲ್ ಹೇಳದ ಹೊರತು ಅಲ್ಲಿ ಗ್ರೀಸ್ ಹಾಕಿಸಬೇಡಿ. ರೋಲರ್‌ಗಳು ಯಾವ ಮುಖ ಯಾವ ಕಡೆಗೆ ಕೂತಿದ್ದವು ಎಂಬುದರ ಫೋಟೋ ತೆಗೆಯದೆ ಹೊರತೆಗೆಯಲು ಬಿಡಬೇಡಿ.

ಜೋಡಿಸುವಾಗ ಮೊದಲು ಹಿಂದಿನ ಪುಲ್ಲಿಯ ಎರಡು ಮುಖಗಳನ್ನು ಕೈಯಲ್ಲಿ ಅಗಲಿಸಿ ಬೆಲ್ಟನ್ನು ಅದರ ಆಳಕ್ಕೆ ತಳ್ಳಬೇಕು. ಆಗ ಮುಂದಿನ ಕಡೆ ಬೆಲ್ಟ್ ಸಡಿಲವಾಗಿ ಬುಷ್ ಮೇಲೆ ಜೋತು ಬೀಳುತ್ತದೆ. ಬಾಣದ ಗುರುತು ಇದ್ದರೆ ಅದು ಬೆಲ್ಟ್ ಓಡುವ ದಿಕ್ಕಿಗೇ ಇರಬೇಕು. ಹೊರಮುಖ ಕೂರಿಸಿ ನಟ್ಟನ್ನು ಬೆರಳಲ್ಲೇ ತಿರುಗಿಸಿ, ಬೆಲ್ಟ್ ಪಕ್ಕಕ್ಕೆ ಅಲ್ಲಾಡುತ್ತಿದೆಯೇ ನೋಡಿ. ಅಲ್ಲಾಡದಿದ್ದರೆ ಸಿಕ್ಕಿಕೊಂಡಿದೆ ಎಂದರ್ಥ, ಬಿಚ್ಚಿ ಮತ್ತೆ ಕೂರಿಸಬೇಕು. ಅಂತಿಮ ಬಿಗಿ ಟಾರ್ಕ್ ವ್ರೆಂಚ್‌ನಲ್ಲೇ ಆಗಬೇಕು, ಎಷ್ಟು ಎಂಬುದು ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್‌ನಲ್ಲಿದೆ. ಗನ್ ಬೇಡ.

ಕವರ್ ಮುಚ್ಚುವ ಮುನ್ನ ಮುಂದಿನ ಪುಲ್ಲಿಯ ಬೆಲ್ಟ್ ತಾಗುವ ಒಳಮೈಗೆ ಮಧ್ಯದಿಂದ ಅಂಚಿನವರೆಗೆ ಮಾರ್ಕರ್ ಪೆನ್ನಲ್ಲಿ ಒಂದು ಗೆರೆ ಎಳೆಸಿ. ಖಾಲಿ ರಸ್ತೆಯಲ್ಲಿ ಪೂರ್ತಿ ವೇಗಕ್ಕೆ ಒಂದು ಸಲ ಓಡಿಸಿ ಬಂದು ಕವರ್ ತೆಗೆಸಿದರೆ, ಬೆಲ್ಟ್ ಎಲ್ಲಿವರೆಗೆ ಏರಿತೋ ಅಲ್ಲಿವರೆಗೆ ಗೆರೆ ಅಳಿಸಿರುತ್ತದೆ. ಅಂಚಿನಲ್ಲಿ ಶಾಯಿ ದಪ್ಪಗೆ ಉಳಿದಿದ್ದರೆ ರೋಲರ್ ತೀರಾ ಹಗುರವಾಯಿತು. ಹತ್ತು ಜನರ ಮಾತು ಕೇಳುವ ಬದಲು ಈ ಗೆರೆಯನ್ನು ನಂಬಬಹುದು.

‘ಗಾಳಿ ಆಡಲಿ’ ಎಂದು ಬೆಲ್ಟ್ ಕವರ್‌ಗೆ ತೂತು ಕೊರೆಸುವವರೂ ಇದ್ದಾರೆ. ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸ್‌ನಲ್ಲಿ ಆ ತೂತಿನಿಂದ ನೀರು ನುಗ್ಗಿದರೆ ಬೆಲ್ಟ್ ಜಾರಿ ಗಾಡಿ ಅಲ್ಲೇ ನಿಲ್ಲುತ್ತದೆ. ಬೋರ್ ಕಿಟ್ (ದೊಡ್ಡ ಸಿಲಿಂಡರ್, ಪಿಸ್ಟನ್) ಹಾಕಿ ಸಿಸಿ ಏರಿಸೋಣ ಎಂದರಂತೂ ಬೇರೆಯೇ ತಾಪತ್ರಯ. ಆರ್‌ಸಿಯಲ್ಲಿ ಇರುವುದಕ್ಕೆ ವ್ಯತ್ಯಾಸ ಬರುವಂಥ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ತಿದ್ದುಪಡಿ ಬಂದ ಮೇಲೆ ಅಂಥ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಬೀಳಬಹುದು. ವಾರಂಟಿ ಇರುವ ಗಾಡಿಯಾದರೆ ರೋಲರ್ ಬದಲಿಸುವುದನ್ನೂ ಮುಂದೂಡಿ.

ಈಗಾಗಲೇ ಕಿಟ್ ಹಾಕಿಸಿಕೊಂಡವರು ಬೇರೊಂದು ಕಡೆ ಕವರ್ ತೆಗೆಸಿ ಕಂದು ಧೂಳು ಇದೆಯೇ, ನಟ್ ಆಚೆ ಥ್ರೆಡ್ ಕಾಣುತ್ತಿದೆಯೇ ನೋಡಿ. ವಾಷರ್ ಇದ್ದರೆ ತೆಗೆಸಿ, ಕ್ಲಚ್‌ಗೆ ಕಂಪನಿ ಸ್ಪ್ರಿಂಗನ್ನೇ ಹಾಕಿಸಿ. ನಟ್ ಬಿಗಿಯಾದ ಮೇಲೆ ನಟ್‌ನಿಂದ ಪುಲ್ಲಿಯವರೆಗೆ ಪೇಂಟ್‌ನಲ್ಲಿ ಒಂದು ಅಡ್ಡಗೆರೆ ಹಾಕಿಸಿಕೊಂಡು, 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ತೆಗೆದು ನೋಡಿ. ಗೆರೆ ಎರಡು ತುಂಡಾಗಿದ್ದರೆ ನಟ್ ತಿರುಗಿದೆ.