ಬೆಂಕಿ ಇಲ್ಲದ ಲೂಪ್ ಸ್ಟೆರಿಲೈಜರ್: ಕೆಲವು ವರ್ಷ ಬಳಸಿದ ಮೇಲೆ

ತುಮಕೂರಿನ ಒಂದು ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಈ ಎಲೆಕ್ಟ್ರಿಕ್ ಲೂಪ್ ಸ್ಟೆರಿಲೈಜರನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಬ್ಯಾಕ್ಟೀರಿಯಾ ಎತ್ತಿ ಹಚ್ಚುವ ತಂತಿಯ ಕುಣಿಕೆಗೆ ಲೂಪ್ ಅಂತಾರೆ, ಅದನ್ನು ಬೆಂಕಿ ಇಲ್ಲದೆ ಸುಟ್ಟು ಶುದ್ಧ ಮಾಡುವ ಯಂತ್ರ ಇದು. ತಗೊಳ್ಳಬೇಕಾ ಬೇಡವಾ ಎಂದು ಯೋಚಿಸುತ್ತಿರುವವರಿಗೆ ನೇರವಾಗಿ ಹೇಳುತ್ತೇನೆ. ತಗೊಳ್ಳಿ. ಆದರೆ ಗ್ಯಾಸಿನ ಬನ್ಸೆನ್ ಬರ್ನರ್ ಮೂಲೆಗೆ ಹಾಕಬೇಡಿ.

ಒಳಗೊಂದು ಸೆರಾಮಿಕ್ ಕೊಳವೆ ಇದೆ, 800 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ನೈಕ್ರೋಮ್ ಲೂಪನ್ನು 5-7 ಸೆಕೆಂಡ್ ಒಳಗೆ ಹಿಡಿದರೆ ಸಾಕು. ನನಗೆ ಜಾಸ್ತಿ ಹಿಡಿಸಿದ್ದು ಕಲ್ಚರ್, ಅಂದರೆ ಬೆಳೆಸಿದ ಬ್ಯಾಕ್ಟೀರಿಯಾ, ಹೊರಗೆ ಸಿಡಿಯದೆ ಇರುವುದು. ಹಸಿ ಕಲ್ಚರ್ ಅಂಟಿದ ಲೂಪನ್ನು ಸೀದಾ ಬರ್ನರ್ ಜ್ವಾಲೆಗೆ ಹಿಡಿದರೆ ಚಟಪಟ ಸಿಡಿಯುತ್ತದೆ ಅಲ್ವಾ, ಆ ಹನಿಗಳಲ್ಲಿ ಇನ್ನೂ ಸಾಯದ ಬ್ಯಾಕ್ಟೀರಿಯಾ ಇರುತ್ತವೆ, ಮೇಜಿನ ಮೇಲೂ ಬೀಳುತ್ತವೆ, ಗಾಳಿಗೂ ಸೇರುತ್ತವೆ. ಇಲ್ಲಿ ಸಿಡಿದದ್ದು ಕೊಳವೆಯೊಳಗೇ ಸುಟ್ಟು ಹೋಗುತ್ತದೆ. ಮೊದಲ ವರ್ಷದ ಮಕ್ಕಳ ಕೈಗೆ ರೋಗ ತರಬಲ್ಲ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಕೊಡುವಾಗ ಇದೊಂದೇ ಕಾರಣಕ್ಕೆ ನನಗೆ ನೆಮ್ಮದಿ. ಸೋಸಿದ ಗಾಳಿ ಒಂದೇ ಸಮ ಹರಿಯುವ ಲ್ಯಾಮಿನಾರ್ ಹುಡ್ ಒಳಗೂ ಇದೇ ಸರಿ, ಜ್ವಾಲೆ ಹಚ್ಚಿದರೆ ಅಲ್ಲಿನ ಗಾಳಿಯ ಹರಿವು ಕದಡುತ್ತದೆ.

ಗುಬ್ಬಿ ಕಡೆಯ ಅಡಿಕೆ ತೋಟದ ಮಣ್ಣಿನಿಂದ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಬೇರ್ಪಡಿಸುವಾಗ ಇದರ ಬೆಲೆ ಗೊತ್ತಾಗುತ್ತದೆ. ಬ್ಯಾಸಿಲಸ್ ಬೀಜಕಣಗಳು 70 ಶೇಕಡಾ ಆಲ್ಕೋಹಾಲ್‌ಗೆಲ್ಲ ಜಗ್ಗುವುದಿಲ್ಲ, ಮೇಜು ಎಷ್ಟೇ ಒರೆಸಿ. ಲೂಪ್ ಕೆಂಪಗೆ ಕಾದಾಗ ಉಳಿಯುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಒಂದು ಭಾಗದಲ್ಲಿ ಗೀರಿ ಹಚ್ಚಿದ ಮೇಲೆ ಲೂಪ್ ಸುಟ್ಟು, ಅಂಚಿನಲ್ಲಿ ಏನೂ ಹಚ್ಚದ ಜೆಲ್ಲಿ, ಅಂದರೆ ಖಾಲಿ ಅಗಾರ್‌ಗೆ ಮುಟ್ಟಿಸಿ, ಚುಂಯ್ ಅಂದರೆ ಇನ್ನೂ ಬಿಸಿ ಇದೆ, ಸದ್ದಿಲ್ಲದಿದ್ದರೆ ಮುಂದಿನ ಭಾಗ. ಕೆಲವರು ಲೂಪನ್ನು ಗಾಳಿಯಲ್ಲಿ ಬೀಸಿ ಆರಿಸುತ್ತಾರೆ. ದಯವಿಟ್ಟು ಬೇಡ, ಗಾಳಿಯಲ್ಲಿನ ಸೂಕ್ಷ್ಮಜೀವಿ ಅಂಟಿದರೆ ಸುಟ್ಟಿದ್ದೆಲ್ಲ ಸುಮ್ನೆ ವ್ಯರ್ಥ.

ಇನ್ನು ಬರ್ನರ್ ಯಾಕೆ ಬೇಕು? ಕಾಯಿಸಿ ಶುದ್ಧ ಮಾಡಬೇಕಾದ ಟೆಸ್ಟ್ ಟ್ಯೂಬಿನ ಬಾಯಿ ಈ ಕೊಳವೆಗೆ ಹಿಡಿಯುವುದಿಲ್ಲ. ಪ್ಲೇಟಿನ ಮೇಲೆ ಕಲ್ಚರ್ ಹರಡುವ ಗಾಜಿನ ಎಲ್-ರಾಡ್ ಕೂಡ ಹೋಗುವುದಿಲ್ಲ. ಜ್ವಾಲೆಯ ಸುತ್ತ ಬಿಸಿ ಗಾಳಿ ಮೇಲೇಳುತ್ತಿರುತ್ತದೆ, ಹಾಗಾಗಿ ತೆರೆದ ಪ್ಲೇಟಿಗೆ ಧೂಳು ಬೀಳುವುದು ಕಡಿಮೆ. ಈ ಯಂತ್ರದಿಂದ ಆ ರಕ್ಷಣೆ ಸಿಗುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕಿಟಕಿಯಿಂದ ರಸ್ತೆಯ ಧೂಳೆಲ್ಲ ಒಳಗೆ ಬರುತ್ತದೆ. ಸೆಕೆ ಎಷ್ಟೇ ಇರಲಿ, ಕಿಟಕಿ ಮುಚ್ಚಿ ಫ್ಯಾನ್ ಆರಿಸಿಯೇ ಕೂರಬೇಕು, ಪ್ಲೇಟಿನ ಮುಚ್ಚಳವನ್ನು ಒಂದು ಬದಿ ಮಾತ್ರ ಎತ್ತಬೇಕು.

ಕರೆಂಟ್ ಹೋದರೆ ಕೆಲಸ ನಿಂತಂತೆಯೇ. ಬಂದ ಮೇಲೂ ಕೊಳವೆ ಬಿಸಿಯಾಗಲು ಹತ್ತು ನಿಮಿಷದ ಮೇಲೆ ಬೇಕು. ಆರಿಸಿದ ಮೇಲೂ ತುಂಬಾ ಹೊತ್ತು ಬಿಸಿ ಇರುತ್ತದೆ, ಮಕ್ಕಳಿಗೆ ಮೊದಲೇ ಹೇಳಿ.

ಸೆರಾಮಿಕ್ ಕೊಳವೆ ನಾಜೂಕು. ನಮ್ಮದು ಬಿರುಕು ಬಿಟ್ಟಾಗ ಮಾರಿದವರು ಹೊಸದಕ್ಕೆ ವಾರಗಟ್ಟಲೆ ಕಾಯಿಸಿದರು. ಬಿಡಿ ಕೊಳವೆಯೊಂದನ್ನು ಯಂತ್ರದ ಜೊತೆಗೇ ಬಿಲ್ಲಿಗೆ ಸೇರಿಸಿಕೊಳ್ಳಿ.