ದಾಸ್ ಬೋಟ್, ಆಲ್ ಕ್ವಯಟ್, ಸ್ಟಾಲಿನ್‌ಗ್ರಾಡ್: ಮೂರರಲ್ಲಿ ಯಾವ್ದು ನೋಡ್ಬೇಕು?

ಒಳ್ಳೆ ಜರ್ಮನ್ ವಾರ್ ಸಿನಿಮಾ ಹೇಳಿ ಅಂದ್ರೆ ಈಗ ಎಲ್ರೂ ಎಡ್ವರ್ಡ್ ಬರ್ಗರ್ ಮಾಡಿದ 2022ರ 'ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್' ಅಂತಾರೆ. ನೆಟ್‌ಫ್ಲಿಕ್ಸಲ್ಲಿ ಸುಲಭಕ್ಕೆ ಸಿಗುತ್ತೆ, ನಾಲ್ಕು ಆಸ್ಕರ್ ಬೇರೆ. ಅದನ್ನೂ, ವೋಲ್ಫ್‌ಗಾಂಗ್ ಪೀಟರ್ಸನ್‌ನ 1981ರ 'ದಾಸ್ ಬೋಟ್', ಜೋಸೆಫ್ ಫಿಲ್ಸ್‌ಮಾಯರ್‌ನ 1993ರ 'ಸ್ಟಾಲಿನ್‌ಗ್ರಾಡ್' ಎರಡನ್ನೂ ಒಂದರ ಹಿಂದೆ ಒಂದು ಹಾಕ್ಕೊಂಡು ನೋಡ್ದೆ. ನನ್ ವೋಟು ದಾಸ್ ಬೋಟ್‌ಗೆ. ಕಥೆಗಿಂತ ಹೆಚ್ಚಾಗಿ ಕ್ಯಾಮೆರಾ ಎಲ್ಲಿ ನಿಂತಿದೆ ಅನ್ನೋ ಕಾರಣಕ್ಕೆ.

ಕಥೆ ಸಿಂಪಲ್ಲು, 1941ರಲ್ಲಿ ಯು-96 ಅನ್ನೋ ಸಬ್‌ಮರೀನು ಫ್ರಾನ್ಸಿನ ಲಾ ರೊಶೆಲ್‌ನಿಂದ ಅಟ್ಲಾಂಟಿಕ್‌ಗೆ ಹೊರಡುತ್ತೆ ಅಷ್ಟೇ. ಬುಖ್‌ಹೈಮ್ ಅನ್ನೋರು ಯುದ್ಧ ವರದಿಗಾರರಾಗಿ ಅಂಥದ್ದರಲ್ಲೇ ಹೋಗಿ ಬಂದು ಬರೆದ ಕಾದಂಬರಿ ಇದಕ್ಕೆ ಮೂಲ (ಅವರಿಗೆ ಸಿನಿಮಾ ಹಿಡಿಸ್ಲಿಲ್ಲ, ಅದು ಬೇರೆ ಮಾತು). ಮ್ಯೂನಿಕ್‌ನ ಬವೇರಿಯಾ ಸ್ಟುಡಿಯೋದಲ್ಲಿ ಸಬ್‌ಮರೀನಿನ ಒಳಭಾಗನ ನಿಜವಾದ ಅಳತೆಗೇ ಕಟ್ಟಿದ್ರು. ಸಾಮಾನ್ಯವಾಗಿ ಇಂಥ ಸೆಟ್ಟಲ್ಲಿ ಒಂದು ಗೋಡೆ ತೆಗೆದು ಕ್ಯಾಮೆರಾಗೆ ಜಾಗ ಮಾಡ್ತಾರೆ, ಆದ್ರೆ ಕ್ಯಾಮೆರಾಮನ್ ಯೋಸ್ಟ್ ವಕಾನೊ ಹಾಗೆ ಮಾಡ್ದೆ, ಕೈಯಲ್ಲೇ ಹಿಡಿಯೋ ಚಿಕ್ಕ ಕ್ಯಾಮೆರಾಗೆ ಅಲುಗಾಟ ತಡೆಯೋ ಗೈರೋಸ್ಕೋಪ್ ಕಟ್ಟಿ, ತಲೆಗೆ ಹೆಲ್ಮೆಟ್ಟು ಮೈಗೆ ಪ್ಯಾಡು ಹಾಕ್ಕೊಂಡು ನಟರ ಹಿಂದೇನೇ ಓಡಿದಾರೆ. ಅಲಾರಂ ಅಂತ ಕೂಗಿದ ತಕ್ಷಣ ಮುಂಭಾಗ ಭಾರ ಆಗಿ ಬೇಗ ಮುಳುಗ್ಲಿ ಅಂತ ಎಲ್ರೂ ಮೂತಿ ಕಡೆಗೆ ದೌಡಾಯಿಸ್ತಾರಲ್ಲ, ಆ ಗುಂಡನೆ ಬಾಗಿಲುಗಳಲ್ಲಿ ನಾವೂ ತೂರ್ಕೊಂಡು ಹೋದಂಗೇ ಅನ್ಸುತ್ತೆ. ಶೂಟಿಂಗು ಕಥೆಯ ಕ್ರಮದಲ್ಲೇ ಮಾಡಿ, ನಟರನ್ನ ಬಿಸಿಲಿಗೆ ಬಿಡದೇ ಇಟ್ಟಿದ್ರಿಂದ ಆ ಗಡ್ಡ, ಆ ಬಿಳಿಚಿದ ಮುಖ ಯಾವ್ದೂ ಮೇಕಪ್ಪಿನ ಥರ ಕಾಣಲ್ಲ. 280 ಮೀಟರ್ ಆಳಕ್ಕೆ ಇಳಿದು ಕೂತಾಗ ಬೋಲ್ಟುಗಳು ಸಿಡಿಯೋ ಸದ್ದು ಕೇಳಿದ್ರೆ ಸೋಫಾ ಮೇಲೆ ಕೂತೋರೂ ಉಸಿರು ಬಿಗಿಹಿಡೀತಾರೆ. ಆರು ಆಸ್ಕರ್ ನಾಮಿನೇಷನ್ ಬಂತು, ಒಂದೂ ಕೊಡ್ಲಿಲ್ಲ. ವಕಾನೊ ಅಂತೂ ಸಿನಿಮಾದ ಗಳಿಕೆಯಲ್ಲಿ ನ್ಯಾಯವಾದ ಪಾಲಿಗೋಸ್ಕರ ವರ್ಷಗಟ್ಟಲೆ ಕೋರ್ಟು ಅಲೆದ್ರು.

ಮೊದಲ ಮಹಾಯುದ್ಧದ ಕಥೆ ಇರೋ ಆಲ್ ಕ್ವಯಟ್‌ನ ಶುರು ಮಾತ್ರ ಮೂರರಲ್ಲೂ ಬೆಸ್ಟು. ಸತ್ತ ಸೈನಿಕನ ಕೋಟು ಬಿಚ್ಚಿ, ರಕ್ತ ತೊಳೆದು, ಹೆಂಗಸರ ಹೊಲಿಗೆ ಮಷೀನಿಗೆ ಬಂದು, ತೂತು ಮುಚ್ಚಿಸ್ಕೊಂಡು ಹೊಸ ಹುಡುಗ ಪೌಲ್‌ನ ಕೈಗೆ ಬರುತ್ತೆ, ಕಾಲರಲ್ಲಿ ಇನ್ನೊಬ್ಬನ ಹೆಸರು ಹಾಗೇ ಇದೆ. ಸಂಗೀತ ಕೊಟ್ಟ ಫೋಲ್ಕರ್ ಬೆರ್ಟೆಲ್‌ಮಾನ್ ತಮ್ಮ ಮುತ್ತಜ್ಜಿಯ ಹಾರ್ಮೋನಿಯಂನಿಂದ ತೆಗೆದ ಆ ಮೂರೇ ಸ್ವರ ಎದೆಗೆ ಗುದ್ದುತ್ತೆ. ಆಮೇಲೆ ಜೇಮ್ಸ್ ಫ್ರೆಂಡ್ ಕ್ಯಾಮೆರಾ ದೂರ ನಿಂತು ಮಂಜು, ಮರ, ಕೆಸರು ಎಲ್ಲಾನೂ ಎಷ್ಟು ಚೆಂದ ತೋರಿಸುತ್ತೆ ಅಂದ್ರೆ ನನಗೆ ಕಿರಿಕಿರಿ ಆಯ್ತು, ಹೆಣ ಬಿದ್ದಿರೋ ಜಾಗ ವಾಲ್‌ಪೇಪರ್ ಥರ ಇರ್ಬಾರ್ದು. ಇನ್ನು ಇದಕ್ಕೆ ಮೂಲವಾದ ರಿಮಾರ್ಕ್‌ನ ಕಾದಂಬರೀಲಿ ಇಲ್ಲದ ಕದನವಿರಾಮದ ಕಥೆ ಸೇರ್ಸಿದಾರೆ, ಡೇನಿಯಲ್ ಬ್ರೂಲ್ ಕದನವಿರಾಮದ ಮಾತುಕತೆಗೆ ಹೋದ ಜರ್ಮನ್ ರಾಜಕಾರಣಿ ಎರ್ಜ್‌ಬೆರ್ಗರ್ ಆಗಿ ಚೆನ್ನಾಗೇ ಮಾಡಿದಾನೆ, ಆದ್ರೆ ಕಂದಕದಿಂದ ಆ ಮಾತುಕತೆ ನಡೆಯೋ ಕೊಂಪಿಯೇನ್ ಕಾಡಿನ ರೈಲಿಗೆ ಹೋದಾಗೆಲ್ಲ ಬಿಗಿ ಸಡಿಲ ಆಗುತ್ತೆ. ಕೊನೆಯಂತೂ (ಸ್ಪಾಯ್ಲರ್ ಬೇಡ ಅನ್ನೋರು ಮುಂದಿನ ಪ್ಯಾರಾಗೆ ಹೋಗಿ) ಕಾದಂಬರೀಲಿ 1918ರ ಅಕ್ಟೋಬರ್‌ನ ಒಂದು ದಿನ ಫ್ರಂಟಲ್ಲಿ ವಿಶೇಷ ಏನಿಲ್ಲ ಅಂತ ಸೇನೆ ವರದಿ ಕೊಟ್ಟಿರುತ್ತೆ, ಪೌಲ್ ಸತ್ತಿದ್ದು ಅವತ್ತೇ. ಶೀರ್ಷಿಕೆ ಬಂದಿದ್ದೇ ಅದ್ರಿಂದ. ಸಿನಿಮಾದಲ್ಲಿ ನವೆಂಬರ್ 11ರಂದು ಕದನವಿರಾಮಕ್ಕೆ ಮುಂಚಿನ ಕೊನೇ ನಿಮಿಷಗಳಿಗೆ ದೊಡ್ಡ ದಾಳಿ ಇಟ್ಟಿದಾರೆ. ಅಷ್ಟು ಗಲಾಟೆ ಆದ್ಮೇಲೆ ಯಾವ ವರದಿ?

ಸ್ಟಾಲಿನ್‌ಗ್ರಾಡ್‌ಗೂ ದಾಸ್ ಬೋಟ್‌ನ ಗುಂಟರ್ ರೋರ್‌ಬಾಖೇ ಒಬ್ಬ ನಿರ್ಮಾಪಕ, ಫಿಲ್ಸ್‌ಮಾಯರ್ ಕ್ಯಾಮೆರಾನೂ ತಾನೇ ಹಿಡಿದಿದಾನೆ. ಜರ್ಮನ್ ಸೈನಿಕರು ಇಟಲಿ ಬಿಸಿಲಿಂದ ರಷ್ಯಾದ ಹಿಮಕ್ಕೆ ಬೀಳೋದು, ಹಿಮದ ಗುಂಡಿಯಲ್ಲಿ ಕೂತು ಟ್ಯಾಂಕ್ ಹತ್ರ ಬರೋವರೆಗೆ ಕಾಯೋದು ಸೂಪರ್. ಉಳಿದಿದ್ದು ಬಿಡಿಬಿಡಿ ಪ್ರಸಂಗಗಳು, ಒಂದಕ್ಕೊಂದು ಅಂಟ್ಕೊಳಲ್ಲ.

ದಾಸ್ ಬೋಟ್‌ನಲ್ಲೂ ಮೂರು ಥರ ಇದೆ. ಎರಡೂವರೆ ಗಂಟೆಯ ಥಿಯೇಟರ್ ವರ್ಷನ್ನಲ್ಲಿ ಕಾಯೋ ಬೇಜಾರೇ ಕಟ್ ಆಗೋಗಿದೆ, ಅದೇ ತಾನೆ ಸಬ್‌ಮರೀನ್ ಜೀವನ. ಐದು ಗಂಟೆ ಹತ್ರದ ಟೀವಿ ಸರಣಿ ಒಂದೇ ಸಲಕ್ಕೆ ಆಗಲ್ಲ. 1997ರ ಮೂರೂವರೆ ಗಂಟೆ ಡೈರೆಕ್ಟರ್ಸ್ ಕಟ್ ತಗೊಳ್ಳಿ. ಇಂಗ್ಲಿಷ್ ಡಬ್ಬಿಂಗ್‌ಗೆ ಬಹುಪಾಲು ಅದೇ ನಟರೇ ದನಿ ಕೊಟ್ಟಿದಾರೆ, ಆದ್ರೂ ಜರ್ಮನ್ ಆಡಿಯೋ ಹಾಕಿ. ಆಲ್ ಕ್ವಯಟ್‌ಗೆ ದೊಡ್ಡ ಟೀವಿ ಬೇಕು, ದಾಸ್ ಬೋಟ್‌ಗೆ ಲ್ಯಾಪ್‌ಟಾಪ್ ಸಾಕು, ಆದ್ರೆ ಒಳ್ಳೆ ಹೆಡ್‌ಫೋನ್ ಇಲ್ದೆ ಕೂರಬೇಡಿ.