ಪ್ಲೇಟ್ ಎತ್ತೋ ಕ್ಲಾಂಪ್, ನಾಲ್ಕು ವರ್ಷ ಬಳಸಿದ್ಮೇಲೆ: ದೊಡ್ಡ ಸೈಜ್ ತಗೊಂಡ್ರೆ ಸೇಫ್ ಅಂದ್ಕೊಂಡಿದ್ದೆ

ನಮ್ದು ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್ಡು. ಹನ್ನೊಂದು ಜನ, ಒಂದು 3 ಟನ್ ಇಒಟಿ ಕ್ರೇನು (ಶೆಡ್ಡಿನ ಮೇಲ್ಗಡೆ ಹಳಿ ಮೇಲೆ ಓಡೋದು), ಒಂದು ಪ್ರೊಫೈಲ್ ಕಟಿಂಗ್ ಮಷೀನು, ಅಷ್ಟೇ. ಟ್ಯಾಂಕು, ಬೇಸ್ ಫ್ರೇಮು, ಕನ್ವೇಯರ್ ಸ್ಟ್ರಕ್ಚರು, ಏನು ಜಾಬ್ ವರ್ಕ್ ಬರುತ್ತೋ ಅದು. ಕ್ರೇನ್ ಕೊಕ್ಕೆಗೆ ನೇತು ಹಾಕಿ ಸ್ಟೀಲ್ ಪ್ಲೇಟಿನ ಅಂಚು ಕಚ್ಚಿ ಎತ್ತೋ ಈ ಕ್ಲಾಂಪ್ ತಗೊಳ್ಳೋಕೆ ಮುಂಚೆ ಪ್ಲೇಟ್ ಎತ್ತೋದು ಹೇಗಿತ್ತು ಅಂದ್ರೆ, ಇಬ್ರು ಹಾರೆ ಹಾಕಿ ಒಂದು ಅಂಚು ಮೇಲೆ ಮಾಡೋರು, ಮೂರನೇವ್ನು ಮರದ ತುಂಡು ತೂರಿಸೋನು, ಆಮೇಲೆ ಚೈನ್ ಸುತ್ತಿ ಕೊಕ್ಕೆಗೆ ಹಾಕೋದು, ಇಲ್ಲಾಂದ್ರೆ ಪ್ಲೇಟ್ ಮೇಲೇ ಒಂದು ಲಗ್ (ಕೊಕ್ಕೆ ಸಿಕ್ಕಿಸೋ ತೂತಿನ ತುಂಡು) ವೆಲ್ಡ್ ಮಾಡಿ ಎತ್ತಿ, ಆಮೇಲೆ ಗ್ರೈಂಡ್ ಮಾಡಿ ತೆಗೆಯೋದು. ಒಂದು ಪ್ಲೇಟ್‌ಗೆ ಅರ್ಧ ಗಂಟೆ ಆರಾಮಾಗಿ ಹೋಗೋದು. ಮರದ ತುಂಡು ತೂರಿಸೋನ ಬೆರಳು ಉಳಿದಿದ್ದು ಅವ್ನ ಅದೃಷ್ಟ, ನಮ್ಮ ಬುದ್ಧಿವಂತಿಕೆ ಅಂತೂ ಖಂಡಿತ ಅಲ್ಲ.

ಎಸ್‌ಜೆಪಿ ರೋಡ್ ಕಡೆ ಒಂದು ಅಂಗಡಿಗೆ ಹೋಗಿ ಕೇಳಿದೆ. ಅವ್ರು ಕೇಳಿದ್ದು ಒಂದೇ ಪ್ರಶ್ನೆ, ನಿಮ್ಮ ಕ್ರೇನ್ ಎಷ್ಟು ಟನ್ ಸಾರ್? ಮೂರು ಅಂದೆ. ಹಾಗಾದ್ರೆ 3 ಟನ್ದೇ ತಗೊಳ್ಳಿ, ಒಂದೇ ಕ್ಲಾಂಪು, ಸಣ್ಣದಕ್ಕೂ ಆಗುತ್ತೆ ದೊಡ್ಡದಕ್ಕೂ ಆಗುತ್ತೆ, ತಲೆನೋವೇ ಇಲ್ಲ ಅಂದ್ರು. ನಂಗೂ ಸರಿ ಅನ್ಸ್ತು. 3 ಟನ್ ತಡ್ಕೊಳ್ಳೋದು 150 ಕೆಜಿ ತಡ್ಕೊಳ್ಳಲ್ವಾ? ಕೈಯಲ್ಲಿ ಹಿಡಿದ್ರೆ ಒಳ್ಳೆ ತೂಕ, ಹಲ್ಲು ಮೊಸಳೆ ಹಲ್ಲಿನ ಥರ. ಸರ್ಟಿಫಿಕೇಟ್ ಎಲ್ಲಿ ಅಂದ್ರೆ ಆಮೇಲೆ ಕಳಿಸ್ತೀವಿ ಅಂದ್ರು, ಇವತ್ತಿಗೂ ಬಂದಿಲ್ಲ.

ತಗೊಂಡು ಮೂರನೇ ತಿಂಗಳು. 6 ಎಂಎಂ ಪ್ಲೇಟು, 2500 ಬೈ 1250, ಲೆಕ್ಕ ಹಾಕಿದ್ರೆ 147 ಕೆಜಿ. ರ‍್ಯಾಕಿಂದ ಎತ್ತಿ ಟೇಬಲ್ ಕಡೆ ತರೋವಾಗ ಕೆಳಗಿನ ಅಂಚು ಟೇಬಲ್ ಮೂಲೆಗೆ ತಾಗಿ ಒಂದು ಕ್ಷಣ ಭಾರ ಇಳೀತು, ಮತ್ತೆ ಕ್ರೇನ್ ಎಳೆದ ತಕ್ಷಣ ಪ್ಲೇಟು ಜಾರಿ ಸೊಂಟದ ಎತ್ತರದಿಂದ ನೇರ ಕೆಳಗೆ. ಕಾಂಕ್ರೀಟ್ ಫ್ಲೋರ್‌ಗೆ ಮೂಲೆ ಕುತ್ಕೊಂಡು ಎರಡು ಇಂಚು ಗುಂಡಿ. ನಮ್ಮ ಕೊಪ್ಪಳದ ಹುಡುಗ ಪಕ್ಕಕ್ಕೆ ನಿಂತಿದ್ದ, ಅಡಿಯಲ್ಲಿ ಇರಲಿಲ್ಲ, ಹಾಗಾಗಿ ಈ ರಿವ್ಯೂ ಬರೀತಿದೀನಿ, ಇಲ್ಲಾಂದ್ರೆ ಬೇರೆ ಏನೋ ಬರೀಬೇಕಾಗಿತ್ತು. ಅವ್ನು ಹಿಂದಿನ ದಿನಾನೇ ಹೇಳಿದ್ದ, "ಅಣ್ಣಾರ, ತೆಳ್ಳನ್ ಪ್ಲೇಟ್ ಇದು ಗಟ್ಟಿ ಹಿಡ್ಯಾಂಗಿಲ್ರಿ, ಅಲ್ಲಾಡ್ತತಿ" ಅಂತ. ನಾನು 3 ಟನ್ ಕ್ಲಾಂಪು ಕಣೋ ಅಂತ ಬಾಯಿ ಮುಚ್ಚಿಸಿದ್ದೆ.

ಆಮೇಲೆ ಕೂತು ತಿಳ್ಕೊಂಡಿದ್ದು ಇಷ್ಟು. ಈ ಕ್ಲಾಂಪ್ ಸ್ಕ್ರೂ ಹಾಕಿ ಬಿಗಿ ಮಾಡೋ ವೈಸ್ ಥರ ಅಲ್ಲ. ಒಳಗೆ ಹಲ್ಲಿರೋ ಒಂದು ಕ್ಯಾಮ್ ಇರುತ್ತೆ, ಎದುರಿಗೆ ಒಂದು ಪ್ಯಾಡ್. ಮೇಲಿನ ಕಣ್ಣನ್ನ (ಕೊಕ್ಕೆ ಹಾಕೋ ಬಳೆ) ಕ್ರೇನ್ ಎಳೆದಾಗ ಒಳಗಿನ ಲಿಂಕ್ ಕ್ಯಾಮನ್ನ ತಿರುಗಿಸುತ್ತೆ, ಕ್ಯಾಮ್ ಪ್ಲೇಟನ್ನ ಪ್ಯಾಡ್‌ಗೆ ಒತ್ತುತ್ತೆ. ಅಂದ್ರೆ ಹಿಡಿತ ಬರೋದು ಪ್ಲೇಟಿನ ತೂಕದಿಂದಾನೇ. ಭಾರ ಜಾಸ್ತಿ ಆದಷ್ಟೂ ಹಲ್ಲು ಕಚ್ಚುತ್ತೆ, ಭಾರ ಕಮ್ಮಿ ಆದ್ರೆ ಸುಮ್ನೆ ಮುಟ್ಕೊಂಡಿರುತ್ತೆ. ಅದಕ್ಕೇ ಎಲ್ಲ ಒಳ್ಳೆ ಮೇಕ್‌ಗಳೂ ಮ್ಯಾಕ್ಸಿಮಮ್ ಲೋಡ್ ಜೊತೆ ಮಿನಿಮಮ್ ಲೋಡ್ ಅಂತಾನೂ ಕೊಡ್ತಾರೆ, ಮೇಕ್ ನೋಡ್ಕೊಂಡು ಹತ್ತರಿಂದ ಇಪ್ಪತ್ತು ಪರ್ಸೆಂಟ್. ಹತ್ತೇ ಅಂತ ಹಿಡಿದ್ರೂ 3 ಟನ್ ಕ್ಲಾಂಪಿಗೆ ಕನಿಷ್ಠ 300 ಕೆಜಿ ಬೇಕು, ನಾನು ನೇತು ಹಾಕಿದ್ದು ಅದರರ್ಧ. ಲಾಕ್ ಲಿವರ್ ಒಳಗೊಂದು ಸ್ಪ್ರಿಂಗ್ ಇರುತ್ತಲ್ಲ, ಅದರ ಕೆಲಸಾನೇ ಭಾರ ಇಳಿದ ಕ್ಷಣದಲ್ಲಿ ಕ್ಯಾಮ್ ಬಿಡದ ಹಾಗೆ ನೋಡ್ಕೊಳ್ಳೋದು, ನಮ್ದರಲ್ಲಿ ಅದು ಮೂರೇ ತಿಂಗಳಿಗೆ ಬಾಲ್ ಪೆನ್ ಸ್ಪ್ರಿಂಗ್ ಥರ ಆಗೋಗಿತ್ತು.

ಸೋ ಎರಡನೇ ಸಲ ಉಲ್ಟಾ ಕಡೆಯಿಂದ ಶುರು ಮಾಡಿದೆ. ಕ್ರೇನ್ ಎಷ್ಟು ಅನ್ನೋದು ಬಿಟ್ಟು ಪ್ಲೇಟ್ ಎಷ್ಟು ಅಂತ. ಒಂದು ಚದರ ಮೀಟರ್, ಒಂದು ಎಂಎಂ ದಪ್ಪ, 7.85 ಕೆಜಿ, ಇದೊಂದು ನೆನಪಿಟ್ಕೊಂಡ್ರೆ ಸಾಕು. ನಮ್ಮಲ್ಲಿ ವಾರಪೂರ್ತಿ ಓಡಾಡೋದು 6 ಎಂಎಂಇಂದ 12 ಎಂಎಂ, 2500 ಬೈ 1250 ಶೀಟು, ಅಂದ್ರೆ 147ರಿಂದ 294 ಕೆಜಿ. ದೊಡ್ಡದು ಅಂದ್ರೆ 12 ಎಂಎಂ, 6300 ಬೈ 1500, ಅದು 890 ಕೆಜಿ. ಹಾಗಾಗಿ ಇಂಪೋರ್ಟೆಡ್ ಮೇಕಲ್ಲಿ 1 ಟನ್ದು ಎರಡು ತಗೊಂಡೆ, ಬಾಯಿ 0ಯಿಂದ 20 ಎಂಎಂ, ಅಂದ್ರೆ ಅಷ್ಟು ದಪ್ಪದ ಪ್ಲೇಟ್ ಹಿಡಿಯುತ್ತೆ. ಮೊದಲಿಂದಕ್ಕಿಂತ ಒಂದೊಂದೂ ಮೂರು ಪಟ್ಟು ರೇಟು, ನಮ್ಮನೆಯವಳಿಗೆ ಇವತ್ತಿಗೂ ಸರಿಯಾದ ಬೆಲೆ ಹೇಳಿಲ್ಲ. ಆದ್ರೆ ಬಾಕ್ಸ್ ಒಳಗೇ ಟೆಸ್ಟ್ ಸರ್ಟಿಫಿಕೇಟು, ಬಾಡಿ ಮೇಲೆ ಸೀರಿಯಲ್ ನಂಬರು, ಸರ್ಟಿಫಿಕೇಟಲ್ಲೂ ಅದೇ ನಂಬರು.

ಈ ಎರಡು ಕ್ಲಾಂಪು ಈಗ ನಾಲ್ಕನೇ ವರ್ಷ ನಡೀತಿದೆ. ಬಾಡಿ ಏನೂ ಆಗಿಲ್ಲ. ಸ್ಪ್ರಿಂಗ್ ಒಂದರಲ್ಲಿ ಒಂದು ಸಲ ಬದಲಾಯಿಸಿದೀವಿ. ಕ್ಯಾಮು ಮತ್ತು ಪ್ಯಾಡು ಮೂರನೇ ವರ್ಷ ಎರಡರಲ್ಲೂ ಹೊಸದು ಹಾಕಿಸಿದ್ವಿ, ಹಲ್ಲಿನ ತುದಿ ಚಪ್ಪಟೆ ಆಗಿತ್ತು, ಉಗುರು ಎಳೆದ್ರೆ ಸಿಕ್ಕಾಕ್ಕೊಳ್ತಿರಲಿಲ್ಲ. ಸ್ಪೇರ್ ಸಿಗುತ್ತಾ ಅಂತ ತಗೊಳ್ಳೋ ಮುಂಚೆನೇ ಕೇಳಿ, ಲೋಕಲ್ಲಲ್ಲಿ ಇಡೀ ಕ್ಲಾಂಪ್ ಎಸೆದು ಹೊಸದು ತಗೊಳ್ಳಿ ಅಂತಾರೆ, ಯಾರೂ ಎಸೆಯಲ್ಲ, ಹಲ್ಲಿಗೆ ವೆಲ್ಡಿಂಗ್ ರಾಡ್ ಹಾಕಿ ತುಂಬಿಸಿ ಫೈಲ್ ಮಾಡಿ ಮತ್ತೆ ಬಳಸ್ತಾರೆ. ನಮ್ಮ ಪಕ್ಕದ ಶೆಡ್ಡಲ್ಲೇ ನೋಡಿದೀನಿ. ಹಾಗೆ ಮಾಡಿದ್ರೆ ಹಲ್ಲನ್ನ ಕಾಯಿಸಿ ಗಟ್ಟಿ ಮಾಡಿರೋ ಹೀಟ್ ಟ್ರೀಟ್‌ಮೆಂಟ್ ಪೂರ್ತಿ ಹೋಗುತ್ತೆ, ಒಂದೋ ಮೆತ್ತಗಾಗುತ್ತೆ ಇಲ್ಲಾ ಮುರಿಯುತ್ತೆ.

ಇನ್ನೊಂದು ಗಮನಿಸಿದ್ದು, ಹೊಸ ಪ್ಲೇಟ್ ಮೇಲೆ ನೀಲಿ ಬಣ್ಣದ ಪದರ ಇರುತ್ತಲ್ಲ, ಮಿಲ್ ಸ್ಕೇಲು, ಅದು ಪುಡಿ ಆಗಿ ಹಲ್ಲಿನ ಸಂದಿಯಲ್ಲಿ ತುಂಬ್ಕೊಳ್ಳುತ್ತೆ, ಜೊತೆಗೆ ಸ್ವಲ್ಪ ಎಣ್ಣೆ ಸೇರಿದ್ರೆ ಪೇಸ್ಟ್ ಆಗಿಹೋಗುತ್ತೆ, ಆಗ ಹಲ್ಲಿದ್ದೂ ಇಲ್ಲದ ಹಾಗೆ. ಬೆಳಿಗ್ಗೆ ವೈರ್ ಬ್ರಷ್ ಹೊಡೆದು, ಟಾರ್ಚ್ ಹಾಕಿ ನೋಡಿ ಆಮೇಲೇ ನೇತು ಹಾಕೋದು ಅಂತ ರೂಲ್ ಮಾಡಿದೀವಿ. ಒಂದು ಆಯುಧ ಪೂಜೆಗೆ ಹುಡುಗ್ರು ಪ್ರೀತಿಯಿಂದ ಎರಡೂ ಕ್ಲಾಂಪಿಗೆ ಹಲ್ಲೂ ಸೇರಿಸಿ ಹಳದಿ ಪೇಂಟ್ ಹೊಡೆದು, ಅದರ ಮೇಲೆ ಕುಂಕುಮ ಇಟ್ಟು, ಹಾರ ಹಾಕಿ ನಿಲ್ಲಿಸಿದ್ರು. ನೋಡೋಕೇನೋ ಚೆನ್ನಾಗಿತ್ತು. ಎಷ್ಟು ಟನ್ ಅಂತ ಪಂಚ್ ಮಾಡಿದ್ದೂ ಕಾಣಿಸ್ತಿರಲಿಲ್ಲ, ಕ್ರ್ಯಾಕ್ ಇದ್ರೂ ಗೊತ್ತಾಗ್ತಿರಲಿಲ್ಲ, ಹಬ್ಬದ ಮಾರನೇ ದಿನ ಪೂರ್ತಿ ಥಿನ್ನರ್ ಹಾಕಿ ಉಜ್ಜಿದ್ದೇ ಕೆಲಸ. ಈಗ ಪೂಜೆಗೆ ಕುಂಕುಮ ಕ್ಲಾಂಪಿನ ಹೊರಮೈಗೆ ಮಾತ್ರ.

ಕ್ಲಾಂಪ್ ಚೆನ್ನಾಗಿದ್ರೂ ಹಿಡಿಯದೇ ಇರೋ ಕೇಸ್‌ಗಳಿವೆ, ಇದನ್ನ ಯಾವ ಅಂಗಡಿಯವ್ರೂ ಹೇಳಲ್ಲ. ಟಿಪ್ಪರ್ ಲಾರಿ ತೊಟ್ಟಿಯ ಒಳಮೈಗೆ ಲೈನರ್ ಹಾಕೋ ಕೆಲಸ ಬಂದಿತ್ತು, ಹಾರ್ಡಾಕ್ಸ್ 450 ಅನ್ನೋ ಸವೆಯದ ಗಟ್ಟಿ ಸ್ಟೀಲ್ ಪ್ಲೇಟು. ಹೆಸರಲ್ಲಿರೋ 450 ಅದರ ಬ್ರಿನೆಲ್ ಗಡಸುತನ. ನಮ್ಮ ಕ್ಲಾಂಪಿನ ಪುಸ್ತಕದಲ್ಲಿ ಪ್ಲೇಟ್ ಗಡಸುತನ 37 ಎಚ್ಆರ್‌ಸಿ (ರಾಕ್‌ವೆಲ್ ಅನ್ನೋ ಇನ್ನೊಂದು ಗಡಸುತನದ ಅಳತೆ) ದಾಟಬಾರದು ಅಂತಿದೆ, ಅದು ಬ್ರಿನೆಲ್‌ನಲ್ಲಿ ಸುಮಾರು 345. ಹಲ್ಲು ಕಚ್ಚಲ್ಲ, ಮೇಲೆ ಗೀರು ಬಿದ್ದು ಜಾರುತ್ತೆ. ಗಟ್ಟಿ ಪ್ಲೇಟಿಗೆ ಅಂತಾನೇ ಬೇರೆ ಕ್ಲಾಂಪ್ ಬರುತ್ತೆ, ನಾವು ಆ ಒಂದು ಆರ್ಡರಿಗೆ ಬಾಡಿಗೆಗೆ ತಂದ್ವಿ. ಎಸ್ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪ್ಲೇಟ್‌ದು ಇನ್ನೊಂದು ಕಥೆ, ಎತ್ತೋಕೇನೋ ಎತ್ತುತ್ತೆ, ಆದ್ರೆ ಹಲ್ಲಿನ ಗುರುತು ಬೀಳುತ್ತೆ, ಅಷ್ಟೇ ಅಲ್ಲ, ಎಂಎಸ್ (ಮಾಮೂಲಿ ಮೈಲ್ಡ್ ಸ್ಟೀಲ್) ಪ್ಲೇಟ್ ಕಚ್ಚಿದ ಹಲ್ಲಲ್ಲಿ ಅಂಟಿರೋ ಕಬ್ಬಿಣದ ಕಣ ಎಸ್ಎಸ್‌ಗೆ ಹತ್ಕೊಂಡು ಹದಿನೈದು ದಿನಕ್ಕೆ ಆ ಜಾಗದಲ್ಲಿ ತುಕ್ಕಿನ ಚುಕ್ಕೆ. ಹೋಟೆಲ್ ಕಿಚನ್ ಟೇಬಲ್ ಟಾಪ್ ಎರಡು ವಾಪಸ್ ಬಂತು ಹೀಗೆ. ಈಗ ಎಸ್ಎಸ್‌ಗೆ ಬೆಲ್ಟ್ ಸ್ಲಿಂಗೇ.

ಮ್ಯಾಗ್ನೆಟ್ ಲಿಫ್ಟರ್ ತಗೋಬಹುದಲ್ಲ ಅಂತ ಕೇಳ್ತೀರ. ಇದೆ, 600 ಕೆಜಿದು, ಲಿವರ್ ತಿರುಗಿಸಿದ್ರೆ ಹಿಡಿಯೋ ಪರ್ಮನೆಂಟ್ ಮ್ಯಾಗ್ನೆಟ್ಟು. ಕಟ್ ಆದ ದಪ್ಪ ತುಂಡುಗಳನ್ನ ಟೇಬಲ್ ಮೇಲಿಂದ ತೆಗೆಯೋಕೆ ಅದರಂಥದ್ದು ಇನ್ನೊಂದಿಲ್ಲ. ಆದ್ರೆ ಆ 600 ಅನ್ನೋದು ದಪ್ಪ, ಕ್ಲೀನ್, ಸಪಾಟಾಗಿರೋ ಪ್ಲೇಟಿಗೆ. ತೆಳ್ಳಗಿನ ಶೀಟಲ್ಲಿ ಆ ಹಿಡಿತ ಬರಲ್ಲ, ಉದ್ದ ಇದ್ರೆ ಬಗ್ಗಿ ಅಂಚಿಂದ ಬಿಟ್ಕೊಳ್ಳುತ್ತೆ, ತುಕ್ಕು ಪೇಂಟು ಏನೇ ಮಧ್ಯ ಬಂದ್ರೂ ಶಕ್ತಿ ಕಮ್ಮಿ. ಗ್ಯಾಸ್ ಕಟಿಂಗ್ ಆಗಿ ಬಿಸಿ ಇರೋ ತುಂಡಿಗೂ ಹಾಕಬಾರದು, ನಮ್ದರ ಮೇಲೆ 80 ಡಿಗ್ರಿ ಲಿಮಿಟ್ ಅಂತ ಬರೆದಿದೆ. 304 ಎಸ್ಎಸ್‌ಗಂತೂ ಕೇಳಲೇಬೇಡಿ, ಅದು ಅಂಟೋದೇ ಇಲ್ಲ.

ಉದ್ದ ಪ್ಲೇಟಿಗೆ ಒಂದೇ ಕ್ಲಾಂಪ್ ಹಾಕಿದ್ರೆ ಗಾಳಿಪಟ ಥರ ತಿರುಗುತ್ತೆ, ಅದಕ್ಕೇ ನಾನು ಎರಡು ತಗೊಂಡಿದ್ದು. ಎರಡನ್ನೂ ಮೇಲೆ ಒಂದೇ ಕೊಕ್ಕೆಗೆ ತಂದು ಸೇರಿಸಿದ್ರೆ ಚೈನು ಓರೆಯಾಗಿ ಕ್ಲಾಂಪನ್ನ ಅಡ್ಡಕ್ಕೆ ಎಳೆಯುತ್ತೆ, ಅದು ಕ್ಲಾಂಪಿಗೆ ಇಷ್ಟ ಇಲ್ಲ. ನಾವು ಕೊಕ್ಕೆಗೆ ಸ್ಪ್ರೆಡರ್ ಬೀಮ್ (ಅಡ್ಡ ತೊಲೆ) ಹಾಕಿ ನೇರ ಕೆಳಗೆ ಎರಡು ಚೈನ್ ಇಳಿಸಿದೀವಿ. ಮಲಗಿಸಿಕೊಂಡೇ ಪ್ಲೇಟ್ ಎತ್ತಬೇಕು ಅಂದ್ರೆ ಹಾರಿಜಾಂಟಲ್ ಕ್ಲಾಂಪ್ ಅಂತ ಬೇರೇನೇ ಬರುತ್ತೆ, ಜೋಡಿಯಲ್ಲೇ ಬಳಸಬೇಕು, ನಮ್ಮಂಥ ನೇತು ಹಾಕಿ ಎತ್ತೋ ವರ್ಟಿಕಲ್ ಕ್ಲಾಂಪನ್ನ ಅದಕ್ಕೆ ಹಾಕಬಾರದು. ಮಲಗಿರೋದನ್ನ ನಿಲ್ಲಿಸೋಕಾದ್ರೆ ಕಣ್ಣು ಮಡಚೋ ಥರದ್ದು ತಗೊಳ್ಳಿ, ನಮ್ದು ಅದೇ.

ಒಂದು ಸಲಕ್ಕೆ ಒಂದೇ ಪ್ಲೇಟು. ರಾತ್ರಿ ಪಾಳಿಯಲ್ಲಿ ಒಬ್ಬ ಬೇಗ ಮುಗಿಸೋಣ ಅಂತ 5 ಎಂಎಂದು ಎರಡು ಒಟ್ಟಿಗೆ ಹಿಡಿಸಿದ್ದ, ಸಿಸಿ ಟಿವಿಯಲ್ಲಿ ನೋಡಿ ನಂಗೆ ಕೂತಲ್ಲೇ ಬೆವರು. ಹಲ್ಲು ಕಚ್ಚೋದು ಹೊರಗಿನ ಮೈಗೆ, ಒಳಗೆ ಎರಡು ಪ್ಲೇಟ್ ಮುಖ ಮುಖ ಸೇರೋ ಕಡೆ ಕಚ್ಚೋಕೆ ಏನಿದೆ, ನುಣ್ಣಗೆ ಜಾರುತ್ತೆ.

ಬೀಮ್ ವಿಷ್ಯ ಸ್ವಲ್ಪ. ಅಂಗಡಿಯಲ್ಲಿ ಬೀಮ್ ಕ್ಲಾಂಪ್ ಕೊಡಿ ಅಂದ್ರೆ ನಿಮಗೆ ಸಿಗೋದು ಮೇಲಿನ ಗರ್ಡರ್‌ಗೆ ಸಿಕ್ಕಿಸಿ ಚೈನ್ ಬ್ಲಾಕ್ ನೇತು ಹಾಕೋ ಕ್ಲಾಂಪು. ಬೀಮನ್ನೇ ಎತ್ತೋ ಕ್ಲಾಂಪ್ ಬೇರೆ, ಅದನ್ನ ಬಿಡಿಸಿ ಹೇಳಿ ಕೇಳಬೇಕು, ನಾನು ತಪ್ಪು ತಂದು ವಾಪಸ್ ಹೋಗಿ ಬಂದಿದೀನಿ, ಟ್ರಾಫಿಕಲ್ಲಿ ಅರ್ಧ ದಿನ. ಪ್ಲೇಟ್ ಕ್ಲಾಂಪನ್ನೇ ಬೀಮ್ ಫ್ಲಾಂಜ್‌ಗೆ (ಬೀಮಿನ ಮೇಲೆ ಕೆಳಗಿರೋ ಅಗಲ ಪಟ್ಟಿ) ಹಾಕೋರೂ ಇದ್ದಾರೆ. ನಮ್ಮ ಐಎಸ್ಎಂಬಿ (ಇಂಡಿಯನ್ ಸ್ಟ್ಯಾಂಡರ್ಡ್ ಐ ಆಕಾರದ) ಬೀಮಿನ ಫ್ಲಾಂಜ್ ಒಳಮೈ ಇಳಿಜಾರು, ಬುಡದಲ್ಲಿ ದಪ್ಪ ಅಂಚಲ್ಲಿ ತೆಳ್ಳಗೆ, ಹಲ್ಲು ಪೂರ್ತಿ ಕೂರೋದೇ ಇಲ್ಲ. ಐಎಸ್ಎಂಬಿ 300, 12 ಮೀಟರ್ ಉದ್ದದ್ದು ಅಂದ್ರೆ ಅರ್ಧ ಟನ್ ದಾಟುತ್ತೆ, ಅದನ್ನ ನಾಲ್ಕು ಹಲ್ಲಿನ ತುದಿ ಮೇಲೆ ನೇತು ಹಾಕೋ ಧೈರ್ಯ ನಂಗಿಲ್ಲ. ತಿಂಗಳಿಗೆ ನಾಲ್ಕು ಬೀಮ್ ಬರೋ ನಮ್ಮಂಥವ್ರಿಗೆ ಬೆಲ್ಟ್ ಸ್ಲಿಂಗ್ ಎರಡು ಸುತ್ತು, ಅಂಚಿಗೆ ಹಳೇ ಟೈರ್ ತುಂಡು ಇಟ್ರೆ ಆಯ್ತು.

ವರ್ಷಕ್ಕೊಂದು ಸಲ ಕಾಂಪಿಟೆಂಟ್ ಪರ್ಸನ್ (ಚೆಕ್ ಮಾಡೋಕೆ ಸರ್ಕಾರದ ಮಾನ್ಯತೆ ಇರೋರು) ಕರೆಸಿ ಚೆಕ್ ಮಾಡಿಸ್ತೀವಿ. ನಾನು ತಗೊಂಡಾಗಿದ್ದ 1948ರ ಫ್ಯಾಕ್ಟರಿ ಆಕ್ಟ್‌ನ ಸೆಕ್ಷನ್ 29ರಲ್ಲಿ ಹನ್ನೆರಡು ತಿಂಗಳಿಗೆ ಒಂದು ಸಲ ಅಂತ ಸ್ಪಷ್ಟವಾಗಿತ್ತು, ಕ್ರೇನಿಗೆ ಮಾತ್ರ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಕ್ಲಾಂಪು ಸ್ಲಿಂಗು ಶ್ಯಾಕಲ್ಲು ಎಲ್ಲಾ ಸೇರುತ್ತೆ. ಮೊದಲ ವರ್ಷ ಬಂದವ್ರು ಆ 3 ಟನ್ ಲೋಕಲ್ ಕ್ಲಾಂಪ್ ಕೈಗೆ ತಗೊಂಡು, ಲಿವರ್ ಎರಡು ಸಲ ಆಡಿಸಿ, ಏನೂ ಮಾತಾಡದೆ ಪಕ್ಕಕ್ಕೆ ಇಟ್ರು. ಅಷ್ಟು ಸಾಕಾಯ್ತು.

ರೇಟಿಂಗ್ ಕೊಡಬೇಕು ಅಂದ್ರೆ 1 ಟನ್ ಇಂಪೋರ್ಟೆಡ್‌ಗೆ ನಾಲ್ಕೂವರೆ, ಅರ್ಧ ಕಟ್ ಮಾಡಿದ್ದು ಸ್ಪೇರ್ ಬರೋಕೆ ಐದು ವಾರ ಆಗಿದ್ದಕ್ಕೆ. ಮ್ಯಾಗ್ನೆಟ್‌ಗೆ ಮೂರೂವರೆ, ತಪ್ಪು ಅದರದ್ದಲ್ಲ, ನಂಬರ್ ನೋಡಿ ಜಾಸ್ತಿ ನಿರೀಕ್ಷೆ ಇಟ್ಕೊಂಡಿದ್ದು ನಾನು. ಆ ಲೋಕಲ್ 3 ಟನ್ದಕ್ಕೆ ಸ್ಟಾರ್ ಬೇಡ. ಅದರ ಕ್ಯಾಮ್ ಗ್ಯಾಸಲ್ಲಿ ಕತ್ತರಿಸಿ ತೆಗೆದ್ವಿ, ಯಾರೋ ತಿಳೀದೆ ಎತ್ಕೊಂಡು ಹೋಗಿ ಬಳಸಬಾರದು ಅಂತ. ಬಾಡಿ ಆಫೀಸ್ ಬಾಗಿಲಿಗೆ ಅಡ್ಡ ಇಟ್ಟಿದೀವಿ, ಮಳೆಗಾಲದ ಗಾಳಿಗೂ ಬಾಗಿಲು ಅಲ್ಲಾಡಲ್ಲ. ಹೊಸಬ ಯಾರಾದ್ರೂ ಕೆಲಸಕ್ಕೆ ಸೇರಿದ್ರೆ ಕೊಪ್ಪಳದವ್ನೇ ಅವ್ರನ್ನ ಕರ್ಕೊಂಡು ಹೋಗಿ ಮೊದಲು ಅದನ್ನ ತೋರಿಸ್ತಾನೆ, ಆಮೇಲೆ ಫ್ಲೋರಲ್ಲಿರೋ ಗುಂಡಿ.